ಬೊಗಳುವ ನಾಯಿಗೆ ಬೇಕಾದದ್ದು ಬಡಿಗೆಯಲ್ಲ, ಕೆಲಸ

ತೋಟವಿದ್ದಲ್ಲಿ ನಾಯಿ ಇದ್ದೇ ಇರುತ್ತದೆ. ಘಟ್ಟದ ಮೇಲಿನ ಕಾಫಿ ಬೆಳೆಗಾರರ ಬಂಗಲೆಯಾಗಲಿ, ಬಯಲುಸೀಮೆಯ ಅಂಚಿನ ಕಾಗಿನೆಲೆ, ಹಾನಗಲ್ಲ, ಹಿರೇಕೆರೂರ ಕಡೆ ಕೊಳವೆಬಾವಿಯ ನೀರಿನಲ್ಲಿ ಅಡಿಕೆ ಎಬ್ಬಿಸಿದವರ ತೋಟದ ಮನೆಯಾಗಲಿ, ಬಾಗಿಲಲ್ಲಿ ಒಂದು ನಾಯಿ ಇರದಿದ್ದರೆ ಮನೆಯೇ ಬಣಗುಟ್ಟಿದಂತೆ ಕಾಣುತ್ತದೆ. ಕಣದಲ್ಲಿ ಹರವಿದ ಫಸಲಿಗೆ ಅದೇ ಕಾವಲು, ಹಂದಿ ಮಂಗಗಳಿಗೆ ಅದೇ ಬೆದರಿಕೆ, ಒಂಟಿ ಮನೆಯ ಹೆಂಗಸರು ಮಕ್ಕಳಿಗೆ ಅದೇ ಧೈರ್ಯ. ಈ ಮಾತನ್ನು ಅಲ್ಲಗಳೆಯುವವರು ನಮ್ಮ ಸದಸ್ಯರಲ್ಲಿ ಯಾರೂ ಇರಲಾರರು.

ಆದರೆ ಸಂಘದ ಕಚೇರಿಯ ಜಗಲಿಯಲ್ಲಿ ನಡೆಯುವ ಮಾತುಕತೆಯಲ್ಲಿ ಧಾರಣೆ, ಕೊಳೆರೋಗ, ಆಳಿನ ಅಭಾವ ಇವುಗಳ ಸಾಲಿಗೆ ಈಚೀಚೆಗೆ ನಾಯಿಯ ದೂರೂ ಸೇರಿಕೊಂಡಿದೆ. ಹಗಲೆಲ್ಲ ಬೊಗಳುತ್ತದೆ, ರಾತ್ರಿ ನಿದ್ದೆ ಮಾಡಗೊಡುವುದಿಲ್ಲ, ಬಿಟ್ಟರೆ ಬಂದವರ ಮೈಮೇಲೆ ಎಗರುತ್ತದೆ, ಕಟ್ಟಿದರೆ ಸರಪಳಿ ಕಿತ್ತುಹೋಗುವ ಹಾಗೆ ಕುಣಿಯುತ್ತದೆ ಎಂಬುದು ದೂರಿನ ಸಾರಾಂಶ. ಕೆಲವರು ಇದನ್ನು ನಗೆಯ ಮಾತಾಗಿ ತೇಲಿಸಿಬಿಡುತ್ತಾರೆ. ನಮಗೆ ಹಾಗೆ ತೋರುವುದಿಲ್ಲ. ನಾಯಿಯ ಕಾಟಕ್ಕೆ ಹೆದರಿ ಆಳು ಬರುವುದು ನಿಂತರೆ ಕೊಯ್ಲು ನಿಲ್ಲುತ್ತದೆ. ನೆರೆಯವನ ತಾಳ್ಮೆ ತಪ್ಪಿದರೆ ನಾಯಿಗೆ ವಿಷದ ಅನ್ನ ಬೀಳುತ್ತದೆ. ಕೂಲಿಗೆ ಬಂದ ಮಗುವಿಗೆ ಹಲ್ಲು ತಾಗಿದರೆ ಮುಂದಿನದು ಜೀವದ ಪ್ರಶ್ನೆ. ಆದಕಾರಣ ಈ ಸಂಚಿಕೆಯಲ್ಲಿ ಗೊಬ್ಬರ ಔಷಧಿಗಳ ವಿಷಯವನ್ನು ಬದಿಗಿಟ್ಟು ಬಾಗಿಲ ನಾಯಿಯ ವಿಷಯವನ್ನು ಎತ್ತಿಕೊಂಡಿದ್ದೇವೆ.

ಕಾಗಿನೆಲೆ ಕಡೆಯ ಒಂದು ಸಂಗತಿ

ಕಾಗಿನೆಲೆಯ ಆಸುಪಾಸಿನ ಅಡಿಕೆ ಬೆಳೆಗಾರರೊಬ್ಬರ ತೋಟದಲ್ಲಿ ನಡೆದದ್ದನ್ನು ಮೊದಲು ಹೇಳುತ್ತೇವೆ. ಅವರ ನಾಯಿ ಎರಡು ವರ್ಷದ್ದು, ದಷ್ಟಪುಷ್ಟವಾದದ್ದು. ಮರಿಯಾಗಿದ್ದಾಗಿನಿಂದ ಗೇಟಿನ ಪಕ್ಕದ ಕಂಬಕ್ಕೆ ನಾಲ್ಕು ಅಡಿ ಸರಪಳಿಯಲ್ಲಿ ಅದರ ವಾಸ. ಕಟ್ಟಿಹಾಕಿ ಬೆಳೆಸಿದ ನಾಯಿ ಉಗ್ರವಾಗುತ್ತದೆ, ಉಗ್ರವಾದ ನಾಯಿ ಒಳ್ಳೆಯ ಕಾವಲುಗಾರ ಎಂಬ ನಂಬಿಕೆ ಅವರದು. ನಾಯಿಯೇನೋ ಉಗ್ರವಾಯಿತು. ರಸ್ತೆಯಲ್ಲಿ ಸೈಕಲ್ಲು ಹೋದರೂ ಬೊಗಳುವುದು, ಎಲೆ ಬಿದ್ದರೂ ಬೊಗಳುವುದು. ಅಡಿಕೆ ಸುಲಿಯಲು ಬರುತ್ತಿದ್ದ ಹೆಂಗಸರು ಒಂದು ದಿನ ಗೇಟಿನ ಹೊರಗೇ ನಿಂತು, "ನಾಯಿ ಅತ್ಲಾಗ ಕಟ್ಟಿಸ್ರಿ ಸಾವ್ಕಾರ್ರ, ಇಲ್ಲಾಂದ್ರ ನಾಳಿಂದ ನಾವು ಬರಾಂಗಿಲ್ಲ" ಎಂದು ಖಂಡಿತವಾಗಿ ಹೇಳಿದರು.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಕೊಯ್ಲಿನ ಕೊನೆಯಲ್ಲಿ. ಒಂದು ರಾತ್ರಿ ಒಣಗಿಸಿಟ್ಟಿದ್ದ ಅಡಿಕೆಯ ಎರಡು ಚೀಲ ಕಳುವಾದವು. ನಾಯಿ ಬೊಗಳಲಿಲ್ಲವೇ ಎಂದರೆ, ರಾತ್ರಿಯೆಲ್ಲ ಬೊಗಳಿತ್ತು. ಮನೆಯವರಿಗೂ ಕೇಳಿಸಿತ್ತು. ಆದರೆ ಯಾರೂ ಏಳಲಿಲ್ಲ. ದಿನವೂ ಹಾಗೆಯೇ ಬೊಗಳುತ್ತಿದ್ದುದರಿಂದ ಆ ರಾತ್ರಿಯ ಬೊಗಳುವಿಕೆಯಲ್ಲಿ ಬೇರೆ ಅರ್ಥವಿದೆ ಎಂದು ಯಾರಿಗೂ ಹೊಳೆಯಲಿಲ್ಲ. ನಾಯಿಯ ಅತಿಯಾದ ಬೊಗಳುವಿಕೆಯಿಂದ ಆಗುವ ನಿಜವಾದ ನಷ್ಟ ಇದು. ನಿದ್ದೆ ಕೆಡುವುದು ಸಣ್ಣ ಮಾತು, ಕಾವಲು ಕೆಡುವುದು ದೊಡ್ಡ ಮಾತು.

ಕುರಿಗಾರನ ನಾಯಿ

ಇದೇ ನೆಲದಲ್ಲಿ ಇನ್ನೊಂದು ಬಗೆಯ ನಾಯಿಯೂ ಇದೆ. ಕನಕದಾಸರ ಕಾಗಿನೆಲೆ ಕುರಿಗಾರಿಕೆಯ ಸೀಮೆ. ಸುಗ್ಗಿ ಮುಗಿದ ಹೊಲಗಳಿಗೆ ಹಾಲುಮತದವರು ಹಿಂಡಿನೊಡನೆ ಬಂದು ರೈತರ ನೆಲದಲ್ಲಿ ಕುರಿ ತರುಬುತ್ತಾರೆ. ರಾತ್ರಿ ಹಿಂಡು ಮಲಗಿದ ನೆಲಕ್ಕೆ ಗೊಬ್ಬರ ಬೀಳುತ್ತದೆ, ಕುರಿಗಾರರಿಗೆ ಕಾಳೋ ದುಡ್ಡೋ ಸಿಗುತ್ತದೆ. ಹಿಂಡಿನ ಜೊತೆ ಎರಡು ಮೂರು ನಾಯಿ ಇರುತ್ತವೆ. ಸರಪಳಿ ಇಲ್ಲ, ಗೂಡು ಇಲ್ಲ. ಹಗಲೆಲ್ಲ ಹಿಂಡಿನ ಜೊತೆ ನಡೆಯುತ್ತವೆ, ರಾತ್ರಿ ಹಿಂಡಿನ ಅಂಚಿನಲ್ಲಿ ಮಲಗುತ್ತವೆ. ರಾಣಿಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಸುತ್ತಿನಲ್ಲಿ ತೋಳ ಇರುವುದು ಕುರಿಗಾರರಿಗೆಲ್ಲ ಗೊತ್ತಿದ್ದ ಸಂಗತಿ. ಆದ್ದರಿಂದ ಈ ನಾಯಿಗಳ ಕೆಲಸ ಆಟದ ಕೆಲಸವಲ್ಲ.

ಆದರೂ ಈ ನಾಯಿಗಳು ಗೇಟಿನ ನಾಯಿಯಷ್ಟು ಬೊಗಳುವುದಿಲ್ಲ. ಕಾರಣ ಕೇಳಿದಾಗ ಹಿರಿಯ ಕುರಿಗಾರನೊಬ್ಬ ಹೇಳಿದ ಉತ್ತರ ನಮಗೆ ಬಹಳ ಹಿಡಿಸಿತು: "ನಾಯಿ ಸುಮ್ಸುಮ್ನ ಬೊಗಳೂದಿಲ್ರೀ ಯಪ್ಪಾ. ಅದು ಬೊಗಳಿದ್ರ ನಾವು ಏಳತೇವಿ. ನಾವು ಏಳತೇವಿ ಅಂತ ಅದಕ್ಕೂ ಗೊತ್ತೈತಿ."

ವಿಷಯದ ತಿರುಳೆಲ್ಲ ಈ ಮೂರು ಮಾತಿನಲ್ಲಿದೆ. ಬೊಗಳುವುದೆಂದರೆ ಸುದ್ದಿ ಹೇಳುವುದು. ಸುದ್ದಿ ಮುಟ್ಟಿತು ಎಂದು ಗೊತ್ತಾದ ನಾಯಿ ಸುಮ್ಮನಾಗುತ್ತದೆ. ಮುಟ್ಟದಿದ್ದರೆ ಮತ್ತೆ ಮತ್ತೆ ಹೇಳುತ್ತದೆ. ಹೇಳಲು ಸುದ್ದಿಯೂ ಇಲ್ಲದೆ, ಮಾಡಲು ಕೆಲಸವೂ ಇಲ್ಲದೆ, ಜೊತೆಗೆ ಯಾರೂ ಇಲ್ಲದೆ ಕಂಬಕ್ಕೆ ಬಿದ್ದ ನಾಯಿ ಬೊಗಳುವುದನ್ನೇ ಕೆಲಸ ಮಾಡಿಕೊಳ್ಳುತ್ತದೆ.

ನಾಯಿಯ ಕೆಲಸಕ್ಕೆ ಬೆಲೆ ಕೊಡುವುದು ನಮ್ಮ ನಾಡಿಗೆ ಹೊಸದೇನಲ್ಲ. ರಾಣಿಬೆನ್ನೂರು ತಾಲ್ಲೂಕಿನ ದೇವರಗುಡ್ಡದ ಮೈಲಾರಲಿಂಗನ ಗೊರವರು ತಮ್ಮನ್ನು ದೇವರ ನಾಯಿಗಳೆಂದೇ ಭಾವಿಸಿ ಬೊಗಳುತ್ತಾ ದೋಣಿಯಲ್ಲಿಟ್ಟ ನೈವೇದ್ಯವನ್ನು ಸ್ವೀಕರಿಸುವುದನ್ನು ಭಕ್ತರೆಲ್ಲ ಕಂಡಿದ್ದಾರೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ.ಶ. 949-50ರ ಕಾಲದ ಶಿಲಾಶಾಸನ ಇನ್ನೂ ಹಳೆಯದು. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲರ ಎಂಬ ವೀರ ಕಾಳಿ ಎಂಬ ಬೇಟೆನಾಯಿಯನ್ನೇ ಮೆಚ್ಚುಗೆಯಾಗಿ ಕೇಳಿ ಪಡೆದನೆಂದೂ, ಅದು ಕಾಡುಹಂದಿಯೊಡನೆ ಹೋರಾಡಿ ಹಂದಿಯೂ ನಾಯಿಯೂ ಸತ್ತಾಗ ಅದರ ನೆನಪಿಗೆ ಕಲ್ಲು ನಿಲ್ಲಿಸಿದನೆಂದೂ ಅದರಿಂದ ತಿಳಿಯುತ್ತದೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿಗೆ ಕಲ್ಲು ನಿಂತದ್ದು ಅದು ಮಾಡಿದ ಕೆಲಸಕ್ಕಾಗಿ.

ಬೊಗಳುವಿಕೆಯ ಬಗೆಗಳು

ಎಲ್ಲ ಬೊಗಳುವಿಕೆಯೂ ಒಂದೇ ಅಲ್ಲ. ಹಂಗೇರಿ ದೇಶದ ಬುಡಾಪೆಸ್ಟಿನ ವಿಜ್ಞಾನಿಗಳು ಬೇರೆ ಬೇರೆ ಸಂದರ್ಭಗಳಲ್ಲಿ ನಾಯಿ ಬೊಗಳುವುದನ್ನು ಧ್ವನಿಮುದ್ರಿಸಿ ಜನರಿಗೆ ಕೇಳಿಸಿದರು. ನಾಯಿ ಸಾಕಿ ಗೊತ್ತಿಲ್ಲದವರು ಕೂಡ ಅಪರಿಚಿತನನ್ನು ಕಂಡು ಬೊಗಳಿದ್ದು ಯಾವುದು, ಒಂಟಿಯಾಗಿ ಕಟ್ಟಿಹಾಕಿದಾಗ ಬೊಗಳಿದ್ದು ಯಾವುದು, ಆಟದ ಹುರುಪಿನಲ್ಲಿ ಬೊಗಳಿದ್ದು ಯಾವುದು ಎಂದು ಬಹಳ ಮಟ್ಟಿಗೆ ಗುರುತಿಸಿದರು. 2005ರಲ್ಲಿ ಪ್ರಕಟವಾದ ಈ ಅಧ್ಯಯನ ನಮಗೆ ಕಲಿಸುವುದಿಷ್ಟೆ: ಕಿವಿಗೊಟ್ಟು ಕೇಳಿದರೆ ನಾಯಿಯ ಮಾತು ನಮಗೂ ತಿಳಿಯುತ್ತದೆ. ತೋಟದ ಮನೆಯಲ್ಲಿ ಸಾಮಾನ್ಯವಾಗಿ ಕೇಳಿಬರುವವು ನಾಲ್ಕು ಬಗೆ.

ಮೊದಲನೆಯದು ಎಚ್ಚರಿಕೆಯ ಬೊಗಳು. ದನಿ ತಗ್ಗಿನದು, ಬಿಡುವಿಲ್ಲದ್ದು. ನಾಯಿಯ ಮೈ ಮುಂದಕ್ಕೆ ವಾಲಿರುತ್ತದೆ, ಕಣ್ಣು ಒಂದೇ ಕಡೆ ನೆಟ್ಟಿರುತ್ತದೆ. ಅಪರಿಚಿತರು, ಹಂದಿ, ಹಾವು ಕಂಡಾಗ ಹೀಗೆ.

ಎರಡನೆಯದು ಭಯದ ಬೊಗಳು. ಬೊಗಳುತ್ತಲೇ ಹಿಂದೆ ಸರಿಯುತ್ತದೆ, ಬಾಲ ಕಾಲ ನಡುವೆ ಸೇರಿರುತ್ತದೆ. ಪಟಾಕಿ, ಗುಡುಗು, ಕೋಲು ಹಿಡಿದವರು, ಕಂಬಳಿ ಕೊಪ್ಪೆ ಹೊದ್ದವರು ಇದಕ್ಕೆ ಕಾರಣ. ಕಚ್ಚುವ ಸಂಭವ ಇಲ್ಲಿ ಕಡಿಮೆ ಎಂದು ಯಾರೂ ಭಾವಿಸಬಾರದು. ಹೆದರಿದ ನಾಯಿ ಓಡಲು ದಾರಿ ಇಲ್ಲದಾಗ ಕಚ್ಚುತ್ತದೆ, ಸರಪಳಿಯಲ್ಲಿರುವ ನಾಯಿಗೆ ಓಡಲು ದಾರಿಯೇ ಇರುವುದಿಲ್ಲ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ನಂಬಿ ಕೈ ಚಾಚಿದವರು ಆಸ್ಪತ್ರೆ ಸೇರಿದ್ದಾರೆ.

ಮೂರನೆಯದು ಬೇಸರದ ಬೊಗಳು. ಒಂದೇ ಶ್ರುತಿ, ನಡುನಡುವೆ ಬಿಡುವು, ಗಂಟೆಗಟ್ಟಲೆ. ಕೊನೆಯಲ್ಲಿ ಊಳಿಡುವುದೂ ಉಂಟು. ಎದುರಿಗೆ ಏನೂ ಇರುವುದಿಲ್ಲ.

ನಾಲ್ಕನೆಯದು ಬೇಡುವ ಬೊಗಳು. ನಮ್ಮ ಮುಖ ನೋಡಿಕೊಂಡೇ ಬೊಗಳುತ್ತದೆ. ಅನ್ನ ಬೇಕು, ಬಿಚ್ಚಬೇಕು, ಮಾತಾಡಿಸಬೇಕು. ದನಿ ಏರಿನದು, ಜೊತೆಗೆ ಕುಣಿತ, ಎಗರಾಟ.

ಯಾವ ಬಗೆಯದು ಎಂದು ತಿಳಿಯದೆ ಮದ್ದು ಮಾಡಿದರೆ, ಕೊಳೆರೋಗಕ್ಕೂ ಹಿಡಿಮುಂಡಿಗೆಗೂ ಒಂದೇ ಔಷಧಿ ಹೊಡೆದ ಹಾಗಾಗುತ್ತದೆ. ಒಂದು ವಾರ ಕಾಲ ಒಂದು ಹಾಳೆಯಲ್ಲಿ ನಾಯಿ ಯಾವಾಗ ಬೊಗಳಿತು, ಎದುರಿಗೆ ಏನಿತ್ತು, ಎಷ್ಟು ಹೊತ್ತು ಬೊಗಳಿತು, ಆಮೇಲೆ ಏನಾಯಿತು ಎಂಬ ನಾಲ್ಕು ಕಲಮು ಬರೆದಿಡಬೇಕೆಂದು ನಮ್ಮ ಸಲಹೆ. ಮಳೆಯ ಲೆಕ್ಕ ಬರೆಯುವವರಿಗೆ ಇದು ಕಷ್ಟವಲ್ಲ. ವಾರದ ಕೊನೆಗೆ ಕಾರಣ ತಾನಾಗಿಯೇ ಕಾಣುತ್ತದೆ.

ಚಟ ಬೆಳೆಯುವ ಬಗೆ

ರಷ್ಯಾದ ಪಾವ್ಲೋವ್ ಎಂಬ ವಿಜ್ಞಾನಿಯ ಹೆಸರನ್ನು ಕಾಲೇಜು ಕಂಡವರೆಲ್ಲ ಕೇಳಿದ್ದೇವೆ. ಅನ್ನಕ್ಕೆ ಮುಂಚೆ ಒಂದು ಸಪ್ಪಳವನ್ನು ಮತ್ತೆ ಮತ್ತೆ ಕೇಳಿಸಿದರೆ, ಕೊನೆಗೆ ಸಪ್ಪಳ ಕೇಳಿದೊಡನೆ ನಾಯಿಯ ಬಾಯಲ್ಲಿ ನೀರೂರುತ್ತದೆ ಎಂದು ಅವರು ತೋರಿಸಿದರು. ನಮ್ಮ ಅಂಗಳದಲ್ಲೂ ಇದು ದಿನವೂ ನಡೆಯುತ್ತದೆ. ಸರಪಳಿಯ ಸದ್ದಾದೊಡನೆ ಕುಣಿಯುವುದು, ಜೀಪಿನ ಹಾರನ್ ಕೇಳಿದೊಡನೆ ಎಗರುವುದು, ಎಲ್ಲವೂ ಆ ಪಾಠವೇ.

ಎರಡನೆಯ ಪಾಠ ಇನ್ನೂ ಮುಖ್ಯವಾದದ್ದು. ಯಾವ ನಡತೆಯಿಂದ ನಾಯಿಗೆ ಲಾಭವಾಗುತ್ತದೆಯೋ ಆ ನಡತೆ ಗಟ್ಟಿಯಾಗುತ್ತದೆ. ಅಂಚೆಯವನು ಬರುತ್ತಾನೆ, ನಾಯಿ ಬೊಗಳುತ್ತದೆ, ಅಂಚೆಯವನು ಹೋಗುತ್ತಾನೆ. ಅವನು ಹೋದದ್ದು ಅವನ ಕೆಲಸ ಮುಗಿದುದರಿಂದ. ಆದರೆ ನಾಯಿಯ ಲೆಕ್ಕದಲ್ಲಿ, ತಾನು ಬೊಗಳಿ ಓಡಿಸಿದೆ! ನಾಳೆ ಇನ್ನಷ್ಟು ಜೋರಾಗಿ ಬೊಗಳುತ್ತದೆ. ಬೇಡುವ ಬೊಗಳಿಗೆ ತಾಳಲಾರದೆ ಒಂದು ತುಂಡು ರೊಟ್ಟಿ ಎಸೆದರೆ ಅದೂ ಹೀಗೆಯೇ. ನಾಲ್ಕು ಸಲ ಎಸೆಯದೆ ಐದನೆಯ ಸಲ ಎಸೆದರಂತೂ ಚಟ ಇನ್ನೂ ಗಟ್ಟಿ. ಒಮ್ಮೆಯಾದರೂ ಸಿಗುತ್ತದೆ ಎಂಬ ಆಸೆ ಇಸ್ಪೀಟು ಆಡುವವನನ್ನು ಹಿಡಿದ ಹಾಗೆ ನಾಯಿಯನ್ನೂ ಹಿಡಿಯುತ್ತದೆ. ಬೈದರೂ ಲಾಭವೇ. ಹಗಲೆಲ್ಲ ಒಂಟಿಯಾಗಿದ್ದ ನಾಯಿಗೆ ಯಜಮಾನ ಬಂದು ಕೂಗಾಡಿದ್ದೂ ಒಂದು ಸಹವಾಸ, ತನ್ನ ಜೊತೆ ಅವನೂ ಬೊಗಳಿದ ಹಾಗೆ.

ಈಗ ಒಂದು ಅನುಮಾನ ಬರಬಹುದು. ಬೊಗಳಿದರೆ ಏಳಬೇಕು ಎಂದು ಕುರಿಗಾರ ಹೇಳಿದ, ಬೊಗಳಿದರೆ ಕೊಡಬಾರದು ಎಂದು ಇಲ್ಲಿ ಹೇಳುತ್ತಿದ್ದೇವೆ. ಎರಡೂ ಸರಿಯೇ. ಎಚ್ಚರಿಕೆಯ ಬೊಗಳಿಗೆ ಉತ್ತರ ಕೊಡಬೇಕು, ಬೇಡುವ ಬೊಗಳಿಗೆ ಕೊಡಕೂಡದು. ಭಯದ ಬೊಗಳಿಗೆ ಭಯದ ಕಾರಣ ತೆಗೆಯಬೇಕು, ಬೇಸರದ ಬೊಗಳಿಗೆ ಬೇಸರ ಕಳೆಯಬೇಕು. ಬಗೆ ಗುರುತಿಸಿ ಎಂದು ಒತ್ತಿ ಹೇಳಿದ್ದು ಇದಕ್ಕಾಗಿಯೇ.

ಮಾಡಬೇಕಾದ್ದು

ಒಂದು: ನಡೆದಾಟ. ಬೆಳಿಗ್ಗೆ ಆಳು ಬರುವ ಮುನ್ನ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ನಾಯಿಯನ್ನು ಹಗ್ಗದಲ್ಲಿ ಹಿಡಿದು ತೋಟದ ಬೇಲಿಗುಂಟ ನಡೆಸಬೇಕು. ಅವಸರ ಬೇಡ. ಮೂಸುವುದಕ್ಕೆ ಬಿಡಬೇಕು. ನಮಗೆ ಪತ್ರಿಕೆ ಓದಿದ ಹಾಗೆ ಅದಕ್ಕೆ ಮೂಸುವುದು. ಹೇಗೂ ನಾವು ದಿನಕ್ಕೊಮ್ಮೆ ಬೇಲಿ, ನೀರಿನ ಪೈಪು, ಕಾಲುವೆ ನೋಡಲೇಬೇಕು. ಜೊತೆಗೆ ನಾಯಿ ಬಂದರೆ ಅದಕ್ಕೂ ಕೆಲಸ, ನಮಗೂ ಬೇಲಿಯ ಕಂಡಿ ತೋರಿಸುವ ಸಂಗಾತಿ. ದಣಿದು ಬಂದ ನಾಯಿ ಮಲಗುತ್ತದೆ.

ಎರಡು: ಸರಪಳಿ. ಕಟ್ಟಲೇಬೇಕಾದ ಹೊತ್ತಿನಲ್ಲಿ ಕಂಬಕ್ಕೆ ಗಿಡ್ಡ ಸರಪಳಿ ಹಾಕುವ ಬದಲು ಎರಡು ಮರಗಳ ನಡುವೆ ಗಟ್ಟಿ ತಂತಿ ಎಳೆದು, ಅದರಲ್ಲಿ ಓಡಾಡುವ ಬಳೆಗೆ ಸರಪಳಿ ಸಿಕ್ಕಿಸಬೇಕು. ನೆರಳು, ನೀರು ಎಟುಕುವಂತಿರಬೇಕು, ಸರಪಳಿ ಮರಕ್ಕೆ ಸುತ್ತಿಕೊಳ್ಳದಂತೆ ಎರಡೂ ತುದಿಯಲ್ಲಿ ತಡೆ ಇರಬೇಕು. ಜಾಗ ಗೇಟಿನ ಎದುರು ಬೇಡ. ರಸ್ತೆ ಕಾಣದ, ಮನೆಯವರು ಓಡಾಡುವ ಹಿತ್ತಲೇ ಲೇಸು. ಗೇಟಿಗೆ ನೆರಳುಬಲೆಯನ್ನೋ ಅಡಿಕೆ ಸೋಗೆಯ ತಟ್ಟಿಯನ್ನೋ ಕಟ್ಟಿ ನೋಟ ಮರೆಮಾಡಿದರೆ ಅರ್ಧ ಬೊಗಳು ಅಂದೇ ನಿಲ್ಲುತ್ತದೆ. ರಾತ್ರಿ ಮನೆಯ ಜಗಲಿಗೆ ಹತ್ತಿರದಲ್ಲಿ, ನಮ್ಮ ದನಿ ಅದಕ್ಕೂ ಅದರ ದನಿ ನಮಗೂ ಕೇಳುವಂತೆ ಇರಿಸಬೇಕು.

ಮೂರು: "ಸಾಕು" ಎಂಬ ಮಾತು. ನಾಯಿ ಎಚ್ಚರಿಕೆಯಿಂದ ಬೊಗಳಿದಾಗ ಎದ್ದು ಹೋಗಿ ಅದು ನೋಡುವ ಕಡೆ ನಾವೂ ನೋಡಬೇಕು. ಆಮೇಲೆ ಸಮಾಧಾನದ ದನಿಯಲ್ಲಿ ಒಂದೇ ಸಲ "ಸಾಕು" ಎನ್ನಬೇಕು. ಉಸಿರು ತೆಗೆಯಲು ಅದು ಒಂದು ಗಳಿಗೆ ನಿಲ್ಲಿಸಿಯೇ ನಿಲ್ಲಿಸುತ್ತದೆ. ಆ ಕ್ಷಣವೇ ಒಂದು ಚೂರು ರೊಟ್ಟಿಯನ್ನೋ ಬೇಯಿಸಿದ ಮೊಟ್ಟೆಯ ತುಣುಕನ್ನೋ ಕೊಡಬೇಕು. ಮೊದಲು ಎರಡು ಸೆಕೆಂಡಿನ ಮೌನಕ್ಕೆ ಕೊಟ್ಟದ್ದನ್ನು ಆಮೇಲೆ ಐದು, ಹತ್ತು, ಇಪ್ಪತ್ತು ಸೆಕೆಂಡಿಗೆ ಏರಿಸುತ್ತ ಹೋಗಬೇಕು. ಮನೆಮಂದಿಯೆಲ್ಲ ಒಂದೇ ಮಾತು ಬಳಸಬೇಕು. ಅಜ್ಜ "ಹಚಾ" ಎಂದು, ಮಗ "ಸ್ಟಾಪ್" ಎಂದು, ಆಳು "ಸುಮ್ನಿರು" ಎಂದು ಕೂಗಿದರೆ ನಾಯಿ ಯಾವುದನ್ನೂ ಕಲಿಯುವುದಿಲ್ಲ.

ನಾಲ್ಕು: ಆಳುಗಳ ಪರಿಚಯ. ಕೊನೆಗಾರರು, ಸುಲಿಯುವ ಹೆಂಗಸರು, ಕಾಫಿ ಹಣ್ಣು ಕೊಯ್ಯುವವರು ವರ್ಷಕ್ಕೆ ಕೆಲವೇ ತಿಂಗಳು ಬರುತ್ತಾರೆ. ನಾಯಿಗೆ ಪ್ರತಿ ವರ್ಷವೂ ಅವರು ಹೊಸಬರೇ. ಕೊಯ್ಲು ಶುರುವಾಗುವ ದಿನವೇ ಗುದ್ದಾಟಕ್ಕೆ ಇಳಿಯಬಾರದು. ಅವರು ಸಾಲಾಗಿ ಬರುವ ಹೊತ್ತಿಗೆ ನಾಯಿಯನ್ನು ಬೊಗಳದೆ ನೋಡಬಲ್ಲಷ್ಟು ದೂರದಲ್ಲಿ, ಐವತ್ತು ಮಾರು ಬೇಕಾದರೆ ಐವತ್ತು ಮಾರು, ಹಿಡಿದು ನಿಂತು ತಿನಿಸು ಕೊಡುತ್ತಿರಬೇಕು. ಆಳು ಕಂಡರೆ ತಿನಿಸು, ಆಳು ಮರೆಯಾದರೆ ತಿನಿಸೂ ಬಂದ್. ದಿನಕ್ಕೆ ನಾಲ್ಕಾರು ಹೆಜ್ಜೆ ಹತ್ತಿರಕ್ಕೆ ತರಬೇಕು. ಬೊಗಳಿದರೆ ಹತ್ತಿರ ಬಂದದ್ದು ಹೆಚ್ಚಾಯಿತೆಂದು ತಿಳಿದು ಹಿಂದೆ ಸರಿಯಬೇಕು. ಪಾವ್ಲೋವ್ ಕಲಿಸಿದ್ದನ್ನೇ ಇಲ್ಲಿ ತಿರುಗಿಸಿ ಬಳಸುತ್ತಿದ್ದೇವೆ.

ಐದು: ಎಗರಾಟ. ಮೈಮೇಲೆ ಎಗರುವ ನಾಯಿಯನ್ನು ಕೈಯಿಂದ ತಳ್ಳಿದರೆ ಅದಕ್ಕೆ ಅದೊಂದು ಆಟ. ಎಗರಿದೊಡನೆ ಮಾತಿಲ್ಲದೆ ಬೆನ್ನು ತಿರುಗಿಸಿ ನಿಲ್ಲಬೇಕು. ನಾಲ್ಕೂ ಕಾಲು ನೆಲಕ್ಕೆ ತಾಗಿದಾಗ ಮಾತ್ರ ಮೈ ಸವರಬೇಕು. ಮನೆಗೆ ಬಂದೊಡನೆ "ಬಾರೋ ರಾಜಾ" ಎಂದು ಕುಣಿಸಿ, ಬಿಳಿ ಪಂಚೆ ಉಟ್ಟ ದಿನ ಒದೆಯುವುದು ನ್ಯಾಯವಲ್ಲ. ಮಕ್ಕಳಿಗೂ ಬಂದವರಿಗೂ ಈ ಕ್ರಮ ಹೇಳಿಕೊಡಬೇಕು. ಊಟ ಹಾಕುವಾಗ, ಸರಪಳಿ ಬಿಚ್ಚುವಾಗ, ಗೇಟು ತೆರೆಯುವಾಗ ನಾಯಿ ಕುಳಿತ ಮೇಲೆಯೇ ಮುಂದಿನದು ಎಂಬ ಪದ್ಧತಿ ಇಟ್ಟರೆ ಅತಿ ಹುರುಪು ತಾನಾಗಿ ತಗ್ಗುತ್ತದೆ.

ಬೇಡುವ ಬೊಗಳನ್ನು ಅಲಕ್ಷ್ಯ ಮಾಡಲು ಹೊರಟವರಿಗೆ ಒಂದು ಎಚ್ಚರಿಕೆ. ಮೊದಲ ಕೆಲವು ದಿನ ಬೊಗಳು ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಇಷ್ಟು ದಿನ ತೆರೆದ ಬಾಗಿಲು ತೆರೆಯದಿದ್ದರೆ ಯಾರಾದರೂ ಇನ್ನಷ್ಟು ಜೋರಾಗಿಯೇ ಬಡಿಯುತ್ತಾರೆ. ಆಗ ಸೋತು ಕೊಟ್ಟರೆ, ಇಷ್ಟು ಜೋರಾಗಿ ಬೊಗಳಬೇಕು ಎಂಬ ಹೊಸ ಪಾಠ ಕಲಿಸಿದ ಹಾಗಾಯಿತು. ನೆರೆಯವರಿಗೆ ಮುಂಚೆಯೇ ಒಂದು ಮಾತು ಹೇಳಿಟ್ಟು ಗಟ್ಟಿಯಾಗಿ ನಿಲ್ಲಬೇಕು.

ಮಾಡಬಾರದ್ದು

ಬಡಿಗೆ ಹಿಡಿಯಬಾರದು. ಹೊಡೆತಕ್ಕೆ ನಾಯಿ ಸುಮ್ಮನಾಗುವುದು ನಿಜ, ಯಜಮಾನ ಎದುರಿಗಿರುವಷ್ಟು ಹೊತ್ತು. ಆಳುಗಳನ್ನು ಕಂಡು ಬೊಗಳಿದಾಗಲೆಲ್ಲ ಏಟು ತಿಂದ ನಾಯಿ ಆಳು ಬಂದರೆ ನನಗೆ ನೋವು ಎಂದು ಕಲಿತು ಅವರನ್ನು ಇನ್ನಷ್ಟು ದ್ವೇಷಿಸುತ್ತದೆ. ಕೆಲವು ನಾಯಿಗಳು ಗುರ್ರೆನ್ನುವುದನ್ನೂ ಬೊಗಳುವುದನ್ನೂ ಬಿಟ್ಟು ನೇರವಾಗಿ ಕಚ್ಚುವುದನ್ನು ಕಲಿಯುತ್ತವೆ. ಮುನ್ಸೂಚನೆ ಕೊಡದ ನಾಯಿಗಿಂತ ಅಪಾಯಕಾರಿ ಬೇರೆ ಇಲ್ಲ. ವಿದ್ಯುತ್ ಆಘಾತ ಕೊಡುವ ಕೊರಳಪಟ್ಟಿಗಳ ವಿಷಯವೂ ಇದೇ. ಬಾಯಿಗೆ ಹಗ್ಗ ಬಿಗಿಯುವುದಂತೂ ಕೂಡದು. ನಾಯಿ ಬಾಯಿ ತೆರೆದು ತೇಕಿಯೇ ಮೈಯ ಬಿಸಿ ಕಳೆದುಕೊಳ್ಳಬೇಕಾದ ಪ್ರಾಣಿ, ಬೇಸಿಗೆಯಲ್ಲಿ ಜೀವವೇ ಹೋದೀತು.

ದೀಪಾವಳಿಯ ನಂತರ ಹಾವೇರಿ ಜಿಲ್ಲೆಯ ಊರೂರುಗಳಲ್ಲಿ ಹೋರಿ ಬೆದರಿಸುವ ಹಬ್ಬ ನಡೆಯುತ್ತದೆ. ಕೂಗು, ಸಿಳ್ಳೆ, ಪಟಾಕಿ, ಓಡುವ ಜನ. ಆ ದಿನಗಳಲ್ಲಿ ನಾಯಿಗೆ ಪಾಠ ಕಲಿಸಲು ಹೋಗದೆ, ಒಳಕೋಣೆಯಲ್ಲಿ ಬಾಗಿಲು ಮುಂದೆ ಮಾಡಿ ಮನೆಯವರೊಬ್ಬರ ಜೊತೆ ಇರಿಸುವುದೇ ಬುದ್ಧಿವಂತಿಕೆ.

ರೋಗದ ಬೊಗಳು

ಸುಮ್ಮನಿದ್ದ ನಾಯಿ ಇದ್ದಕ್ಕಿದ್ದಂತೆ ಬೊಗಳತೊಡಗಿದರೆ ಮೊದಲು ಮೈ ಪರೀಕ್ಷಿಸಬೇಕು. ಕಿವಿಯ ಸೋಂಕು, ಉಣ್ಣೆಯ ಕಾಟ, ಗಾಯ, ಹಲ್ಲುನೋವು ಕಾರಣವಿರಬಹುದು. ಮುದಿ ನಾಯಿ ರಾತ್ರಿ ದಿಕ್ಕು ತಪ್ಪಿದಂತೆ ಬೊಗಳುವುದು ಕಿವಿ, ಕಣ್ಣು, ಬುದ್ಧಿ ಮಂದವಾದುದರ ಲಕ್ಷಣ. ಅದಕ್ಕೆ ಬೇಕಾದದ್ದು ಪಶುವೈದ್ಯರು.

ಎಲ್ಲಕ್ಕಿಂತ ಮುಖ್ಯವಾಗಿ, ನಾಯಿಯ ದನಿಯೇ ಬದಲಾಗಿ ಗೊಗ್ಗರಾಗಿದ್ದರೆ, ಜೊಲ್ಲು ಸುರಿಯುತ್ತಿದ್ದರೆ, ನುಂಗಲು ಕಷ್ಟಪಡುತ್ತಿದ್ದರೆ, ಗುರುತಿನವರ ಮೇಲೂ ಎರಗುತ್ತಿದ್ದರೆ ಹುಚ್ಚುರೋಗವೆಂದು ಶಂಕಿಸಿ ಹತ್ತಿರ ಹೋಗದೆ ಪಶು ಆಸ್ಪತ್ರೆಗೆ ತಿಳಿಸಬೇಕು. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗಕ್ಕೆ ಮದ್ದಿಲ್ಲವೆಂದೇ ತಿಳಿಯಬೇಕು. ಯಾವ ನಾಯಿ ಕಚ್ಚಿದರೂ, ಸಾಕಿದ್ದೇ ಆಗಲಿ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ, ಖಾರದ ಪುಡಿ ಮೆತ್ತಬಾರದು. ವೈದ್ಯರು ಹೇಳಿದ ಅಷ್ಟೂ ಚುಚ್ಚುಮದ್ದು ಮುಗಿಸಬೇಕು. ನಾಯಿಗೆ ಮೂರು ತಿಂಗಳಾದಾಗ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ತಪ್ಪದೆ ಪುನರ್ಲಸಿಕೆ ಹಾಕಿಸಿ ಚೀಟಿ ಜೋಪಾನ ಮಾಡಬೇಕು.

ಕಾಯಿದೆಯ ಮಾತು

1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಕಲಮಿನ ಪ್ರಕಾರ ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ಪ್ರಾಣಿಯನ್ನು ಅಕಾರಣವಾಗಿ ದೀರ್ಘಕಾಲ ಕಟ್ಟಿಡುವುದು ಅಪರಾಧ. ಸದಾ ಕಟ್ಟಿಹಾಕುವ ನಾಯಿಗೆ ತಕ್ಕ ಓಡಾಟ ಕೊಡದಿರುವುದೂ ಅದೇ ಕಲಮಿನಲ್ಲಿ ಬೇರೆಯಾಗಿಯೇ ಹೇಳಿದ ಅಪರಾಧ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮು, ತನ್ನ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ನೋಡಿಕೊಳ್ಳದ ಯಜಮಾನನಿಗೆ ಅನ್ವಯಿಸುತ್ತದೆ. 325ನೆಯ ಕಲಮು ಪ್ರಾಣಿಗೆ ವಿಷವಿಕ್ಕಿ ಕೊಲ್ಲುವವನಿಗೆ ಅನ್ವಯಿಸುತ್ತದೆ. ಹೀಗೆ ನಾಯಿಯ ಜಗಳದಲ್ಲಿ ಎರಡೂ ಕಡೆಯವರು ಕಾಯಿದೆಯ ಕೈಗೆ ಸಿಕ್ಕುವವರೇ. ಠಾಣೆಯ ಮೆಟ್ಟಿಲು ಹತ್ತುವುದಕ್ಕಿಂತ ಬೆಳಗಿನ ಅರ್ಧ ಗಂಟೆ ನಡೆದಾಟ ಅಗ್ಗ.

ಮರಿ ತರುವ ಮುನ್ನ

ಹೊಸ ಮರಿ ತರುವವರು ತಮ್ಮ ಬಿಡುವನ್ನು ಮೊದಲು ಲೆಕ್ಕ ಹಾಕಬೇಕು. ನಮ್ಮ ಹೆಮ್ಮೆಯ ಮುಧೋಳ ತಳಿಯನ್ನೇ ನೋಡಿ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು, ಭಾರತೀಯ ಸೇನೆಯೂ ತರಬೇತಿಗೆ ಆರಿಸಿಕೊಂಡಿತು. ಆದರೆ ಅದು ಓಡಲೆಂದೇ ಬೆಳೆದ ಬೇಟೆನಾಯಿ. ಕಂಬಕ್ಕೆ ಕಟ್ಟಿದರೆ ಹೊರಿಗೆ ಗಾಣ ಕಟ್ಟಿದಷ್ಟೇ ಅನ್ಯಾಯ. ಪೊಮರೇನಿಯನ್ ಸಣ್ಣದೆಂದು ತಂದವರು ಅದರ ಬಾಯಿ ಸಣ್ಣದಲ್ಲವೆಂದು ತಡವಾಗಿ ಅರಿಯುತ್ತಾರೆ. ಊರ ನಾಯಿಯ ಮರಿ ನಮ್ಮ ಹವೆಗೆ ಒಗ್ಗಿದ್ದು, ಚುರುಕು, ಖರ್ಚು ಕಡಿಮೆ.

ಯಾವ ಮರಿಯಾದರೂ ಸರಿ, ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಕಾಲ ಅದರ ಪಾಠಶಾಲೆ. ಅಮೆರಿಕದ ಬಾರ್ ಹಾರ್ಬರಿನಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬಿಬ್ಬರು ವರ್ಷಗಟ್ಟಲೆ ಮರಿಗಳನ್ನು ಪರೀಕ್ಷಿಸಿ 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾರೆ. ಆ ವಾರಗಳಲ್ಲಿ ಕಂಡ ಜನ, ದನ, ಸದ್ದುಗಳಿಗೆ ಮರಿ ಜೀವಮಾನವಿಡೀ ಹೆದರುವುದು ಕಡಿಮೆ. ಆದ್ದರಿಂದ ಮರಿಯನ್ನು ಎತ್ತಿಕೊಂಡು ಹೋಗಿ ಕಣದ ಆಳು, ಔಷಧಿ ಹೊಡೆಯುವ ಪಂಪಿನ ಸದ್ದು, ಕೊಡೆ, ಕಂಬಳಿ, ಮೋಟಾರು ಎಲ್ಲವನ್ನೂ ಹದವಾಗಿ ಪರಿಚಯಿಸಬೇಕು. ಕುರಿಗಾರನ ಮರಿ ಹಿಂಡಿನ ನಡುವೆ ಬೆಳೆದು ಇದನ್ನು ಯಾರೂ ಹೇಳಿಕೊಡದೆ ಕಲಿಯುತ್ತದೆ.

ಮೇಲೆ ಹೇಳಿದ ಕಾಗಿನೆಲೆ ಕಡೆಯ ನಾಯಿಯ ಗತಿ ಏನಾಯಿತೆಂದು ಓದುಗರು ಕೇಳಬಹುದು. ಕಂಬದಿಂದ ಹಿತ್ತಲಿನ ತಂತಿಗೆ ಅದರ ವಾಸ ಬದಲಾಯಿತು. ದಿನಕ್ಕೆರಡು ಸಲ ಬೇಲಿ ಸುತ್ತುತ್ತದೆ. ಸುಲಿಯುವ ಹೆಂಗಸರಲ್ಲಿ ಹಿರಿಯಳೊಬ್ಬಳು ರೊಟ್ಟಿ ಚೂರು ಹಾಕುವ ಹೊಣೆ ಹೊತ್ತಳು. ಸುಮಾರು ಎರಡು ತಿಂಗಳು ಹಿಡಿಯಿತು. ಈಗಲೂ ಬೊಗಳುತ್ತದೆ, ಬೊಗಳದಿದ್ದರೆ ಅದು ನಾಯಿಯೇ ಅಲ್ಲ. ಆದರೆ ಬೊಗಳಿದರೆ ಮನೆಯವರು ಬ್ಯಾಟರಿ ಹಿಡಿದು ಎದ್ದು ಬರುತ್ತಾರೆ.

ನಾಯಿಯ ಬಾಲ ಡೊಂಕು ಎಂದು ಕೈಚೆಲ್ಲುವ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೆ. ಬಾಲ ಡೊಂಕಾಗಿಯೇ ಇರಲಿ, ಅದರಿಂದ ಫಸಲಿಗೇನೂ ನಷ್ಟವಿಲ್ಲ. ಬರುವ ಕೊಯ್ಲಿಗೆ ಇನ್ನೂ ಸಮಯವಿರುವಾಗಲೇ ವಾರದ ಹಾಳೆ ಬರೆಯಲು ತೊಡಗಿ. ಆ ಹಾಳೆಯನ್ನು ಸಂಘದ ಕಚೇರಿಗೆ ತಂದರೆ ಕೂಡಿ ನೋಡೋಣ.